ಚೆಕ್ ಖಾತೆ ತೆರೆಯುವ ಮುನ್ನ ಯಾರನ್ನು ಅಣಕಿಸಬಾರದು

ಬ್ಯಾಂಕಿನಲ್ಲಿ ಚೆಕ್ ಖಾತೆ ತೆರೆಯುವ ಮುನ್ನ ಏನೇನು ತಿಳಿದಿರಬೇಕು ಎಂದರೆ, ಬಲ್ಲವರು ಎರಡು ಫೋಟೋ, ವಿಳಾಸದ ದಾಖಲೆ, ಖಾತೆಯಲ್ಲಿ ಸದಾ ಇಟ್ಟಿರಬೇಕಾದ ಕನಿಷ್ಠ ಹಣ ಎಂದೆಲ್ಲ ಹೇಳುತ್ತಾರೆ. ಎಲ್ಲವೂ ನಿಜ. ಆದರೆ ಅದಕ್ಕೂ ಮೊದಲು ತಿಳಿಯಬೇಕಾದದ್ದು, ಆ ಬ್ಯಾಂಕಿನಲ್ಲಿ ಈಗಾಗಲೇ ಯಾರ ಖಾತೆಯಿದೆ, ಅವರನ್ನು ನೀವು ಎಲ್ಲೆಲ್ಲಿ ಅಣಕಿಸಿದ್ದೀರಿ ಎಂಬುದು. ಅಣಕ ನನಗೆ ಹುಟ್ಟಿನಿಂದ ಅಂಟಿದ ಚಟ. ನಮ್ಮೂರು ಹರದನಹಳ್ಳಿಯಲ್ಲಿ ಸೋದರಮಾವನ ಗೊರಕೆಯನ್ನು ಎಷ್ಟು ಚೆನ್ನಾಗಿ ಹೊಡೆಯುತ್ತಿದ್ದೆನೆಂದರೆ, ಜಗಲಿಯಲ್ಲಿ ಎಚ್ಚರವಾಗಿ ಕೂತು ಎಲೆಅಡಿಕೆ ಹಾಕುತ್ತಿದ್ದ ಮಾವನನ್ನೇ ಅತ್ತೆ ಒಳಗಿನಿಂದ “ಮಗ್ಗುಲು ತಿರುಗ್ಕಳಿ” ಎಂದು ಗದರುತ್ತಿದ್ದರು.

ಗುಂಡ್ಲುಪೇಟೆಯ ಒಂದು ಖಾಸಗಿ ಶಾಲೆಯಲ್ಲಿ ಮೇಷ್ಟ್ರಾದೆ. ಮೊದಲ ಸಂಬಳ ಬಂದದ್ದು ಮೂಲೆಯಲ್ಲಿ ಎರಡು ಗೀಟೆಳೆದ ಚೆಕ್ಕಾಗಿ. ಗೀಟಿದ್ದರೆ ನಗದು ಕೊಡುವುದಿಲ್ಲ, ಸ್ವಂತ ಖಾತೆಗೇ ಕಟ್ಟಬೇಕು ಎಂಬುದು ನನಗೆ ಗೊತ್ತಾದದ್ದು ಬ್ಯಾಂಕಿನ ಕೌಂಟರಿನಲ್ಲಿ, ನಾಲ್ಕು ಜನರ ಮುಂದೆ. ತಿಂಗಳಿಡೀ ಸಾಲದಲ್ಲಿ ಉಂಡಿದ್ದ ಮೆಸ್ಸಿನ ಜಯಮ್ಮನವರಿಗೆ ಚೆಕ್ಕು ತೋರಿಸಿ ಸಮಾಧಾನ ಹೇಳಹೋದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದ್ನ ಬೇಯ್ಸಕ್ಕಾಯ್ತದಾ ಮೇಷ್ಟ್ರೆ? ಸನಿವಾರದೊಳ್ಗೆ ದುಡ್ಡು ತಂದ್ರೆ ತಟ್ಟೆ ಆಕ್ತಿನಿ. ಇಲ್ದಿದ್ರೆ ದಿನಾ ನಿಮ್ಮೂರ್ಗೋಗಿ ಉಂಡ್ಕಂಡು ಬನ್ನಿ” ಎಂದರು.

ಖಾತೆ ತೆರೆಯುವುದೇ ಆದರೆ ಚೆಕ್ ಪುಸ್ತಕವಿರುವ ಖಾತೆಯೇ ಆಗಲಿ ಎಂದು ಫಾರಂ ಕೇಳಿದೆ. ಬ್ಯಾಂಕಿನವರು ಒಂದು ಜಾಗದಲ್ಲಿ ಪೆನ್ನಿಂದ ಗುರುತು ಹಾಕಿ, ಇಲ್ಲೇ ಚೆಕ್ ಖಾತೆಯಿರುವ, ನಿಮ್ಮನ್ನು ಚೆನ್ನಾಗಿ ಬಲ್ಲ ಒಬ್ಬರ ಸಹಿ ಬೇಕು ಎಂದರು. ಊರಿಗೆ ಬಂದು ತಿಂಗಳಾಗಿತ್ತು. ಅಂಥವರಲ್ಲಿ ನನಗೆ ಗೊತ್ತಿದ್ದವರು ತರಕಾರಿ ಮಂಡಿಯ ಮಾದೇವಪ್ಪನವರು ಒಬ್ಬರೇ. ಅವರಿಗೆ ನಾನು ಗೊತ್ತಿದ್ದೆನೆ ಎಂದರೆ, ಗೊತ್ತಿರಬಾರದ ರೀತಿಯಲ್ಲಿ ಗೊತ್ತಿದ್ದೆ. ಅವರು ಕೇರಳಕ್ಕೆ ಟೊಮೆಟೊ ಕಳಿಸುವವರು. ಎಸ್‌ಟಿಡಿ ಬೂತಿನಲ್ಲಿ ಮೂರು ಸಲ ಕೆಮ್ಮಿ ಮಾತು ಶುರು ಮಾಡಿದರೆ, ತಂತಿಯಿಲ್ಲದೆಯೂ ಕೋಳಿಕ್ಕೋಡಿಗೆ ಕೇಳಿಸುವಂತಿರುತ್ತಿತ್ತು. ಅದೇ ಬೂತಿನ ಮುಂದೆ ನಾನು ತಿಂಗಳಿಡೀ ಅವರನ್ನು ಅಣಕಿಸಿ, ನಕ್ಕವರಿಂದ ಟೀ ಗಿಟ್ಟಿಸಿದ್ದೆ.

ಫಾರಂ ಹಿಡಿದು ಮಂಡಿಗೆ ಹೋದೆ. “ಬನ್ನಿ ಮೇಷ್ಟ್ರೆ” ಎಂದರು ಮಾದೇವಪ್ಪ. “ನನ್ನಂಗೆ ಮಾತಾಡ್ತೀರಂತೆ. ಮಾತಾಡಿ, ಕೇಳನ.”

“ಅಣ್ಣಾರೇ, ಒಂದೇ ಒಂದು ಸೈನು. ತಪ್ಪಾಯ್ತು...”

“ಸೈನು ಆಮೇಕೆ. ಮೊದ್ಲು ಮಾತಾಡಿ.”

ಮೂಟೆ ಹೊತ್ತಿದ್ದ ಹಮಾಲಿಗಳು ಮೂಟೆ ಇಳಿಸದೆ ನಿಂತರು. ಶನಿವಾರದ ತಟ್ಟೆಯನ್ನು ನೆನೆದು ಮೂರು ಸಲ ಕೆಮ್ಮಿ, ಕೇರಳದ ವ್ಯಾಪಾರಿಯನ್ನು ಕರೆಯುವ ಅವರ ಧಾಟಿಯಲ್ಲೇ ಶುರು ಮಾಡಿದೆ. “ಚೇಟ್ಟಾ, ಲಾರಿ ಬುಟ್ಬುಟ್ಟಿವ್ನಿ. ಟಮೋಟ ಕೊಳ್ತೋದ್ರೆ ನನ್ ಕೇಳ್ಬ್ಯಾಡ, ನಿನ್ ಡ್ರೈವರ್ನ ಕೇಳು.”

ಮಾದೇವಪ್ಪ ರೆಪ್ಪೆ ಬಡಿಯದೆ ನೋಡಿದರು. ಆಮೇಲೆ ತೊಡೆ ತಟ್ಟಿಕೊಂಡು ನಕ್ಕರು. “ಥೂ, ಇದು ನಾನಲ್ಲ ಕಣ್ಲಾ, ನಮ್ಮಣ್ಣ. ಅವ್ನೇ ಇಂಗ್ ಕೆಮ್ಮದು” ಎಂದು ಮೂರು ಸಲ ಕೆಮ್ಮಿ ತೋರಿಸಿದರು. ಎದುರು ಮಂಡಿಯ ಆ ಅಣ್ಣನಿಗೂ ಇವರಿಗೂ ಮನೆ ಭಾಗವಾದಾಗಿನಿಂದ ಮಾತಿರಲಿಲ್ಲ. ಆ ಅಣ್ಣನ ದನಿಯನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಹಾಗೆಂದು ಹೇಳುವಷ್ಟು ದಡ್ಡ ನಾನಲ್ಲ. “ಇನ್ನೊಂದ್ಸಲ ಮಾಡು ಕಣ್ಲಾ” ಎಂದರು, ಮಾಡಿದೆ. ಎದುರು ಮಂಡಿಗೆ ಕೇಳಿಸುವಂತೆ ಮಾಡು ಎಂದರು, ಮಾಡಿದೆ. ಕಣ್ಣೊರೆಸಿಕೊಂಡು ಸಹಿ ಹಾಕಿದರು. ನನ್ನನ್ನು ಚೆನ್ನಾಗಿ ಬಲ್ಲೆ ಎಂದು ಸ್ವಂತ ಅಕ್ಷರದಲ್ಲಿ ಬರೆದೂ ಕೊಟ್ಟರು.

ಶುಕ್ರವಾರ ಹಣ ಸಿಕ್ಕಿತು, ಶನಿವಾರ ತಟ್ಟೆಯೂ ಬಿತ್ತು. ತನ್ನ ದನಿ ತನಗೇ ಗೊತ್ತಿಲ್ಲದ ಮನುಷ್ಯ ಎಂದು ಮಾದೇವಪ್ಪನವರ ಕತೆಯನ್ನು ವಾರವೆಲ್ಲ ಟೀ ಅಂಗಡಿಯಲ್ಲಿ ಹೇಳಿ ನಗಿಸಿದೆ. ಮುಂದಿನ ವಾರ ಮಂಡಿಯ ಕಡೆ ಹೋದಾಗ ಹಮಾಲಿಯೊಬ್ಬ ಬೆನ್ನು ಬಗ್ಗಿಸಿ, ಕೈಯಲ್ಲೊಂದು ರಟ್ಟು ಹಿಡಿದು, ಮೂಗಿನಲ್ಲಿ ರಾಗ ಎಳೆಯುತ್ತಿದ್ದ. “ಅಣ್ಣಾರೇ, ಒಂದೇ ಒಂದು ಸೈನು ಅಣ್ಣಾರೇ...” ಉಳಿದವರು ಹೊಟ್ಟೆ ಹಿಡಿದುಕೊಂಡಿದ್ದರು. ನಾನೂ ಮನಸಾರೆ ನಕ್ಕೆ. ಒಬ್ಬ ಕಲೆಗಾರನಾಗಿ ಅವನ ಬೆನ್ನು ತಟ್ಟಿ, “ಚೆನ್ನಾಗದೆ. ಯಾರ್ದಿದು, ನಮ್ಮ ಡ್ರಿಲ್ ಮೇಷ್ಟ್ರದಾ?” ಎಂದೆ.

ಅವರೆಲ್ಲ ನಗುವುದನ್ನು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.