ಕಾಣದ ಕೆಂಪು

ಎಲ್ಲ ಅನಾಹುತಕ್ಕೂ ಮೂಲ ಮೊಮ್ಮಗಳ ಒಂದು ಹಲ್ಲು. ಹೊರಗೆ ಬರಲೋ ಬೇಡವೋ ಎಂದು ಅದು ಒಸಡಿನೊಳಗೇ ಕುಳಿತು ಮೀನಮೇಷ ಎಣಿಸುತ್ತಿತ್ತು. ಅಷ್ಟು ದಿನವೂ ಮಗು ರಾತ್ರಿಯಿಡೀ ಅತ್ತಿತು, ಅಷ್ಟು ದಿನವೂ ಅಜ್ಜ ಅದನ್ನು ಹೆಗಲಿಗೆ ಹಾಕಿಕೊಂಡು ಮನೆಯೆಲ್ಲ ಓಡಾಡಿದ. ರಾತ್ರಿ ನಿದ್ದೆಗೆಟ್ಟವನು ಹಗಲಲ್ಲಿ ಎಲ್ಲಾದರೂ ತೂಕಡಿಸಲೇಬೇಕು. ಬೇರೆಯವರಾದರೆ ಬಸ್ಸಿನಲ್ಲಿ ತೂಕಡಿಸುತ್ತಾರೆ. ಈ ಅಜ್ಜನಿಗೋ, ಸಂಬಳ ಕೊಟ್ಟು ಕತ್ತಲೆಯಲ್ಲಿ ಕೂರಿಸುವ ಕೆಲಸವಿತ್ತು.

ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಕತ್ತಲಪ್ಪ ಎನ್ನುತ್ತಿದ್ದರು. ಅಲ್ಲಿ ತಯಾರಾಗುತ್ತಿದ್ದದ್ದು ಗುರಿದೀಪ. ಕಾಡುಪ್ರಾಣಿಗೆ ಮಂಪರು ಮದ್ದಿನ ಸೂಜಿ ಹೊಡೆಯುವ ಬಂದೂಕಿನ ಮೇಲೆ ಅದನ್ನು ಕೂರಿಸಿದರೆ, ಪ್ರಾಣಿಯ ಮೈಮೇಲೆ ಒಂದು ಬೆಳಕಿನ ಚುಕ್ಕೆ ಬೀಳುತ್ತದೆ. ರಾತ್ರಿ ನೋಡುವ ಕನ್ನಡಕ ಹಾಕಿಕೊಂಡವರಿಗೆ ಮಾತ್ರ ಅದು ಕಾಣಬೇಕು, ಬರಿಗಣ್ಣಿಗೆ, ಪ್ರಾಣಿಯ ಕಣ್ಣಿಗಂತೂ, ಕಾಣಬಾರದು. ಬೆಳಕಿನ ಅಲೆ ಉದ್ದವಾಗುತ್ತ ಹೋದಂತೆ ಕಣ್ಣಿಗೆ ಅದು ಕೆಂಪಾಗಿ, ಮಂಕಾಗಿ, ಕೊನೆಗೆ ಇಲ್ಲವೇ ಇಲ್ಲ ಎನ್ನುವಂತಾಗುತ್ತದೆ. ಒಂಬೈನೂರ ನಲವತ್ತು ನ್ಯಾನೋಮೀಟರ್ ಅಲೆಯ ದೀಪ ಪೂರ್ತಿ ಮೌನಿ. ಎಂಟುನೂರ ಐವತ್ತರದ್ದು ಹಾಗಲ್ಲ. ಕಗ್ಗತ್ತಲೆಯಲ್ಲಿ ಎದುರಿನಿಂದ ನೋಡಿದರೆ ಬೂದಿ ಮುಚ್ಚಿದ ಕೆಂಡದಂತೆ ಒಂಚೂರು ಕೆಂಪು ತೋರಿಸಿ ಗುಟ್ಟು ಬಿಟ್ಟುಕೊಡುತ್ತದೆ. ಹಚ್ಚದೆ ಇಟ್ಟರೆ ಎರಡೂ ಅವಳಿ ಮಕ್ಕಳ ಹಾಗೆ, ಯಾವುದು ಯಾವುದೆಂದು ಹೆತ್ತವರಿಗೂ ತಿಳಿಯದು. ಒಮ್ಮೊಮ್ಮೆ ಒಂದರ ಬದಲು ಇನ್ನೊಂದು ಸೇರಿಬಿಡುತ್ತಿತ್ತು.

ಆದ್ದರಿಂದಲೇ ಕತ್ತಲಪ್ಪ. ಅವನು ಕತ್ತಲೆ ಕೋಣೆಯಲ್ಲಿ ಕಣ್ಣು ಒಗ್ಗುವ ತನಕ ಸುಮ್ಮನೆ ಕೂರಬೇಕು. ಆಮೇಲೆ ಕಣ್ಣಿಗೆ ಅಪಾಯವಾಗದಷ್ಟು ಮಂದ ಮಾಡಿದ ಒಂದೊಂದೇ ದೀಪ ಹಚ್ಚಿ, ಕೆಂಪು ಕಾಣದಿದ್ದರೆ ಡಬ್ಬಿಯ ಮೇಲೆ ಮೊಹರು ಒತ್ತಬೇಕು. ಹಲ್ಲಿನ ಕಾಟ ಶುರುವಾದ ಮೇಲೆ, ಕಣ್ಣು ಒಗ್ಗುವ ಮೊದಲೇ ಮುಚ್ಚಿಹೋಗತೊಡಗಿತು. ಎಚ್ಚರವಾದಾಗ ಊಟದ ಗಂಟೆ ಹತ್ತಿರ ಬಂದಿರುತ್ತಿತ್ತು. ಗಾಬರಿಯಲ್ಲಿ ಉಳಿದ ಡಬ್ಬಿಗಳಿಗೆಲ್ಲ ಮೊಹರು ಬೀಳುತ್ತಿತ್ತು.

ಅವನಿಗಿದ್ದದ್ದು ಒಂದೇ ಆಸೆ. ಸ್ಟೋರಿನಲ್ಲಿ ಕಿಟಕಿಯ ಪಕ್ಕ ಎರಡು ಕುರ್ಚಿಗಳಿದ್ದವು. ಒಂದರಲ್ಲಿ ಅವನ ಹಳೆಯ ಸ್ನೇಹಿತ ಸ್ಟೋರ್‌ಕೀಪರ್ ಕೂರುತ್ತಿದ್ದ, ಇನ್ನೊಂದು ಖಾಲಿಯಾಗಿತ್ತು. ನಿವೃತ್ತಿಗೆ ಮುಂಚಿನ ಕೆಲವು ವರ್ಷವಾದರೂ ಆ ಕುರ್ಚಿಯಲ್ಲಿ ಕೂತು, ಬಿಸಿಲು ಕಾಯುತ್ತ ಸಾಮಾನು ಎಣಿಸಬೇಕೆಂದು ಅವನು ಅರ್ಜಿ ಕೊಟ್ಟಿದ್ದ. ಅದು ಮ್ಯಾನೇಜರ ಮೇಜಿನ ಮೇಲಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಕಾಡುಪ್ರಾಣಿಗಳ ಡಾಕ್ಟರು ಬಂದರು. ಅಂಗಿ ಹರಿದಿತ್ತು, ಕೈಯೆಲ್ಲ ತರಚಿತ್ತು. ಗುರಿದೀಪವನ್ನು ಮ್ಯಾನೇಜರ ಮುಂದೆ ಕುಕ್ಕಿ, ರಾತ್ರಿ ಚಿರತೆಯೊಂದಕ್ಕೆ ಗುರಿಯಿಟ್ಟ ಕತೆ ಹೇಳಿದರು.

“ಚಿರತೆ ಈ ದೀಪದ ಕಡೆ ನೋಡ್ತು. ಆಮೇಲೆ ನನ್ನ ಕಡೆ ನೋಡ್ತು. ನಾನು ಮರದ ಕಡೆ ನೋಡ್ದೆ.”

ರಾತ್ರಿಯೆಲ್ಲ ಮರದ ಮೇಲೆ ಕಳೆದವರಿಗೆ ಎದುರುತ್ತರ ಕೊಡುವುದು ಹೇಗೆ? ಮ್ಯಾನೇಜರು ಕತ್ತಲೆ ಕೋಣೆಗೆ ಹೋಗಿ ತಾವೇ ನೋಡಿ ಬಂದರು. ಕೆಂಪು ಇದ್ದದ್ದು ನಿಜ. ಕತ್ತಲಪ್ಪನಿಗೆ ಕರೆ ಹೋಯಿತು. ಈ ದೀಪಕ್ಕೆ ಮೊಹರು ಒತ್ತುವಾಗ ಕೆಂಪು ಕಂಡಿರಲಿಲ್ಲವೇ ಎಂದು ಕೇಳಿದರು.

“ಇಲ್ಲ ಸಾರ್. ನನ್ನ ಕಣ್ಣಿಗೆ ಏನೂ ಕಂಡಿರ್ಲಿಲ್ಲ.”

ಅದು ನೂರಕ್ಕೆ ನೂರು ನಿಜ. ಕಣ್ಣು ಮುಚ್ಚಿತ್ತು ಎಂಬ ಇನ್ನರ್ಧ ನಿಜ ನಾಲಿಗೆಯ ತುದಿಯವರೆಗೂ ಬಂದು ಹಿಂದಕ್ಕೆ ಹೋಯಿತು. ಅದನ್ನು ಆಗಲೇ ಉಗುಳಿಬಿಡಬೇಕಿತ್ತು ಎಂದು ಅವನು ಮುಂದೆ ಎಷ್ಟು ಸಲ ಹಲುಬಿದನೋ ಲೆಕ್ಕವಿಲ್ಲ. ಮಧ್ಯಾಹ್ನ ಎಲ್ಲರನ್ನೂ ಕತ್ತಲೆ ಕೋಣೆಯಲ್ಲಿ ಕೂರಿಸಿ, ಯಾರ ಕಣ್ಣು ಎಂಥದ್ದೆಂದು ನೋಡೋಣ ಎಂದರು ಮ್ಯಾನೇಜರು.

ಸುದ್ದಿ ಬಾಯಿಂದ ಬಾಯಿಗೆ ಹಾರಿತು. ಅಕೌಂಟ್ಸ್ ಅಕ್ಕ ತನ್ನ ಭಾವನಿಗೆ ಪೊರೆ ಬಂದು ಬಾಗಿಲೆಂದು ಬೀರುವಿನೊಳಗೆ ನಡೆದ ಕತೆ ಹೇಳಿ ಧೈರ್ಯ ತುಂಬಿದಳು. ಬೆಸುಗೆ ಹಾಕುವವನು ಎರಡು ಬೆರಳು ತೋರಿಸಿ ಎಷ್ಟೆಂದು ಕೇಳಿದ. ಕತ್ತಲಪ್ಪ ಊಟದ ಡಬ್ಬಿ ಎತ್ತಿಕೊಂಡು ಸ್ಟೋರಿಗೆ ಹೋಗಿ, ಸ್ನೇಹಿತನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಸ್ಟೋರ್‌ಕೀಪರ್ ತುತ್ತು ನುಂಗಿ ಯೋಚಿಸಿದ. “ನಿದ್ದೆ ಮಾಡ್ದೆ ಅಂದ್ರೆ ಮನೆಗೆ ಕಳಿಸ್ತಾರೆ. ಕಣ್ಣು ಮಂಜಾಗಿದೆ ಅಂದ್ರೆ ಯಾರೂ ಏನೂ ಅನ್ನಲ್ಲ, ವಯಸ್ಸಾಯ್ತು ಅಂತಾರೆ. ದೀಪ ಎಷ್ಟೇ ಕೆಂಪಾಗಿ ಉರೀಲಿ, ಕಾಣಿಸ್ತಿಲ್ಲ ಅನ್ನು. ಈ ಕುರ್ಚಿ ನಿಂದೇ ಆಗುತ್ತೆ. ಉಳಿದದ್ದು ನಾನು ನೋಡ್ಕೋತೀನಿ.”

ಖಾಲಿ ಕುರ್ಚಿಯ ಮೇಲೆ ಬಿಸಿಲು ಬಿದ್ದಿತ್ತು. ಕತ್ತಲಪ್ಪ ಒಪ್ಪಿಕೊಂಡ.

ಮಧ್ಯಾಹ್ನ ಎಲ್ಲರೂ ಕತ್ತಲೆ ಕೋಣೆಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ಕುಳಿತರು. ಕಣ್ಣು ಒಗ್ಗಿದ ಮೇಲೆ ಮ್ಯಾನೇಜರು ಸ್ವಿಚ್ಚು ಒತ್ತಿದ ಸದ್ದಾಯಿತು. ಏನು ಕಾಣುತ್ತಿದೆ ಎಂದು ಕೇಳಿದರು.

“ಕೆಂಪು, ಸಾರ್. ಚೆನ್ನಾಗಿ ಕಾಣ್ತಿದೆ,” ಎಂದ ಸ್ಟೋರ್‌ಕೀಪರ್ ಎಲ್ಲರಿಗಿಂತ ಮೊದಲು. ಉಳಿದವರ ಕಣ್ಣು ನೆಟ್ಟಗಿದೆಯೆಂದಾದರೆ ತಾನೇ ಕತ್ತಲಪ್ಪನ ಕಣ್ಣು ಕೆಟ್ಟಿದೆ ಎನಿಸುವುದು! ಅಕೌಂಟ್ಸ್ ಅಕ್ಕ ಹಿಂದೆ ಬೀಳಲಿಲ್ಲ, ದಾಳಿಂಬೆ ಕಾಳಿನಷ್ಟಿದೆ ಎಂದಳು. ಬೆಸುಗೆಯವನು ಕಣ್ಣು ಉರಿಯುತ್ತಿದೆ ಎಂದ.

ಕತ್ತಲಪ್ಪ ಕಣ್ಣರಳಿಸಿ ನೋಡಿದ. ಏನೂ ಇಲ್ಲ. ಕಣ್ಣುಜ್ಜಿಕೊಂಡು ನೋಡಿದ. ಕತ್ತಲೆಯ ಹಿಂದೆ ಕತ್ತಲೆ. ಕಣ್ಣು ಕಾಣದವನ ಹಾಗೆ ನಟಿಸಲು ಬಂದವನಿಗೆ ನಿಜವಾಗಿಯೂ ಕಾಣುತ್ತಿರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎಂದು ಒಳಗೊಳಗೇ ಅಂದುಕೊಂಡ. ಇಷ್ಟು ರಾತ್ರಿ ಹೊತ್ತು ತಿರುಗಿದ ಮಗುವಿಗೆ ನಾಳೆ ಹಲ್ಲು ಬಂದರೆ ಬೆರಳಿನಿಂದ ಮುಟ್ಟಿ ತಿಳಿಯಬೇಕಲ್ಲ ಎಂದು ನೆನೆದಾಗ ದುಃಖ ಒತ್ತರಿಸಿ ಬಂತು.

“ನಂಗೆ ಏನೂ ಕಾಣಿಸ್ತಾ ಇಲ್ಲ ಸಾರ್,” ಎಂದು ಬಿಕ್ಕಿದ.

ಮ್ಯಾನೇಜರು ಕೋಣೆಯ ದೀಪ ಹಾಕಿದರು. ಅವರ ಮುಖ ಅರಳಿತ್ತು. “ಕಾಣೋದಕ್ಕೆ ಇದ್ರೆ ತಾನೆ? ನಾನು ಹಚ್ಚಿದ್ದು ಒಂಬೈನೂರ ನಲವತ್ತು. ಇದನ್ನ ಬರಿಗಣ್ಣಲ್ಲಿ ನೋಡಿದ ಮನುಷ್ಯ ಇನ್ನೂ ಹುಟ್ಟಿಲ್ಲ.”

ದಾಳಿಂಬೆ ಕಂಡವಳು ಸೆರಗು ಸರಿಮಾಡಿಕೊಂಡಳು. ಕಣ್ಣು ಉರಿದವನು ನೆಲ ನೋಡಿದ. ಮ್ಯಾನೇಜರು ಕತ್ತಲಪ್ಪನ ಕೈ ಹಿಡಿದು ಕುಲುಕಿ, ಇಡೀ ಕಾರ್ಖಾನೆಯಲ್ಲಿ ನಂಬಬಹುದಾದ ಕಣ್ಣು ಇದೊಂದೇ ಎಂದು ಸಾರಿದರು. ಇಂಥ ಕಣ್ಣನ್ನು ಕಿಟಕಿಯ ಬಿಸಿಲಿಗೆ ಹಾಕುವುದುಂಟೇ ಎಂದು ಅರ್ಜಿಯನ್ನು ಅಲ್ಲೇ ತಳ್ಳಿಹಾಕಿದರು. ಆಮೇಲೆ ತರ್ಕ ಮುಂದುವರಿಯಿತು. ಈ ಕಣ್ಣು ನೋಡಿ ಒಪ್ಪಿದ ದೀಪ ಕೆಂಪಾಗಿರಲು ಸಾಧ್ಯವಿಲ್ಲ. ಹಾಗಾದರೆ ಮೊಹರು ಬಿದ್ದ ಮೇಲೆ ಯಾರೋ ದೀಪ ಬದಲಿಸಿದ್ದಾರೆ. ಮೊಹರು ಬಿದ್ದ ಮಾಲು ಇರುವುದು ಸ್ಟೋರಿನಲ್ಲಿ. ಇಲ್ಲದ ಕೆಂಪನ್ನು ಮೊಟ್ಟಮೊದಲು ಕಂಡವನೂ ಸ್ಟೋರಿನವನೇ.

ನಾಳೆಯಿಂದ ಸ್ಟೋರ್‌ಕೀಪರ್ ಊರಾಚೆಯ ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆ ಕಟ್ಟಬೇಕೆಂದು ಆಜ್ಞೆಯಾಯಿತು.

ಕತ್ತಲಪ್ಪನಿಗೆ ತಡೆಯಲಾಗಲಿಲ್ಲ. ಮ್ಯಾನೇಜರ ಹಿಂದೆಯೇ ಅವರ ಕೋಣೆಗೆ ಹೋದ. ಕೆಲಸ ಹೋದರೆ ಹೋಗಲಿ, ಸ್ನೇಹಿತ ಉಳಿಯಲಿ ಎಂದು ಗಟ್ಟಿಮನಸ್ಸು ಮಾಡಿ ಬಾಯಿಬಿಟ್ಟ.

“ಸಾರ್, ತಪ್ಪು ನಂದು. ನಾನು ನಿದ್ದೆ ಮಾಡ್ಬಿಟ್ಟಿದ್ದೆ. ನೋಡದೇನೇ ಮೊಹರು ಒತ್ತಿದ್ದು.”

ಮ್ಯಾನೇಜರ ಕಣ್ಣು ತೇವವಾಯಿತು. ಸ್ನೇಹಿತನಿಗಾಗಿ ತನ್ನ ಮೇಲೆ ತಪ್ಪು ಹೊತ್ತುಕೊಳ್ಳುವವರು ಈ ಕಾಲದಲ್ಲೂ ಇದ್ದಾರಲ್ಲ ಎಂದರು. ಕತ್ತಲಪ್ಪ ಆಣೆ ಇಟ್ಟ. ಆಣೆ ಇಟ್ಟಷ್ಟೂ ಅವರ ಗೌರವ ಹೆಚ್ಚಿತು. ಕೊನೆಗೆ, ನೋಡಿ ಕಲಿಯಲಿ ಎಂದು ಸ್ಟೋರ್‌ಕೀಪರನ್ನೇ ಕರೆಸಿದರು.

“ಅವನು ಹೇಳ್ತಿರೋದು ನಿಜಾನೇ ಸಾರ್,” ಎಂದ ಸ್ಟೋರ್‌ಕೀಪರ್. “ದಿನಾ ಮಲಗ್ತಾನೆ. ನಂಗೆ ಗೊತ್ತು.”

ಮ್ಯಾನೇಜರ ಮುಖ ಗಂಟಿಕ್ಕಿತು. “ಅವರು ನಿಮಗೋಸ್ಕರ ಹೆಸರು ಕೆಡಿಸ್ಕೊಳ್ಳೋಕೆ ನಿಂತಿದ್ದಾರೆ. ನೀವು ಅದನ್ನೇ ಹಿಡ್ಕೊಂಡು ಅವರ ಮೇಲೆ ಗೂಬೆ ಕೂರಿಸ್ತೀರಾ?”

ಇಬ್ಬರೂ ಒಂದೇ ನಿಜ ಹೇಳಿದ್ದರು. ಒಬ್ಬನಿಗೆ ಅದು ದೊಡ್ಡತನವಾಯಿತು, ಇನ್ನೊಬ್ಬನಿಗೆ ಚಾಡಿಯಾಯಿತು. ಅಲ್ಲಿಯವರೆಗೆ ಬರೀ ಗೋದಾಮು ಎಂದಿದ್ದ ಶಿಕ್ಷೆ ಎಚ್ಚರಿಕೆಯ ಪತ್ರವನ್ನೂ ಸೇರಿಸಿಕೊಂಡಿತು. ಕಿಟಕಿಯ ಎರಡೂ ಕುರ್ಚಿಗಳ ಉಸ್ತುವಾರಿ ಅಕೌಂಟ್ಸ್ ಅಕ್ಕನ ಪಾಲಾಯಿತು.

ಸಂಜೆ ಇಬ್ಬರೂ ಎಂದಿನಂತೆ ಬಸ್ಸಿಗೆ ಕಾದರು. ನಾನು ನಿಜ ಹೇಳಿದೆನಲ್ಲ ಎಂದ ಕತ್ತಲಪ್ಪ.

“ನೀನು ಹೇಳ್ದೆ, ಇಲ್ಲ ಅನ್ನಲ್ಲ,” ಎಂದ ಸ್ನೇಹಿತ. “ಸುಳ್ಳು ಹೇಳ್ಕೊಟ್ಟವನು ನಾನೇ, ಅದೂ ಸರಿ. ಆದ್ರೆ ಬೆಳಿಗ್ಗೇನೇ ಹೇಳಿದ್ದಿದ್ರೆ ನಿನ್ನ ನಿಜಾನ ಯಾರಾದ್ರೂ ನಂಬ್ತಿದ್ರು ಕಣೋ.”

ಬಸ್ಸು ಬಂತು. ಒಳಗೆ ಎರಡು ಸೀಟು ಒಟ್ಟಿಗೇ ಖಾಲಿ ಇದ್ದವು. ಕತ್ತಲಪ್ಪ ಕಿಟಕಿಯ ಕಡೆಗೆ ಸರಿದು ಜಾಗ ಬಿಟ್ಟು ಕುಳಿತ. ಸ್ನೇಹಿತ ತನ್ನ ನಿಲ್ದಾಣ ಬರುವವರೆಗೂ ಕಂಬಿ ಹಿಡಿದು ನಿಂತೇ ಇದ್ದ.