ರೋಜಿಗೆ ಮನೆ ಹುಡುಕಿದ್ದು

ಕೊಪ್ಪಳದಲ್ಲಿ ಪಶು ಆಸ್ಪತ್ರೆಯ ಎದುರಿಗೆ ದನಕರುಗಳ ಔಷಧದ ಅಂಗಡಿ ಇಟ್ಟುಕೊಂಡವನಿಗೆ ಇಂಥ ಪ್ರಸಂಗಗಳು ತಪ್ಪಿದ್ದಲ್ಲ. ಕುರಿಗೆ ಜಂತಿನ ಔಷಧ, ಎಮ್ಮೆಗೆ ಹಿಂಡಿ ಜೊತೆ ಕಲಸುವ ಪುಡಿ ಮಾರಿಕೊಂಡು ಸುಖವಾಗಿದ್ದೆ. ಈಗೀಗ ಓಣಿಗೆ ನಾಲ್ಕು ಮನೆಯಲ್ಲಿ ನಾಯಿ ಬೆಕ್ಕು ಸಾಕತೊಡಗಿದ ಮೇಲೆ, "ಕಚ್ಚೋದು ಬಿಡಿಸೋರು ಯಾರದಾರ್ರಿ?", "ಮದುವಿಗೆ ಹೋಗೋದೈತಿ, ಬೆಕ್ಕ ಎಲ್ಲಿ ಬಿಡೋಣ್ರಿ?", "ಮರಿ ಯಾರಿಗರ ಬೇಕಾಗ್ಯಾವೇನ್ರಿ?" ಎಂದು ಎಲ್ಲರೂ ನನ್ನ ಅಂಗಡಿಯ ಕಟ್ಟೆಯನ್ನೇ ಹತ್ತುತ್ತಾರೆ. ಡಾಕ್ಟರು ಹಳ್ಳಿಗೆ ದನ ನೋಡಲು ಹೋಗಿದ್ದರಂತೂ ಕೇಳುವುದೇ ಬೇಡ. ಇವುಗಳಲ್ಲಿ ರೋಜಿಯ ಪ್ರಸಂಗಗಳನ್ನು ಹೇಳಿದಾಗ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನೂ ನಗುತ್ತೇನೆ. ಪೂರ್ತಿ ನಗಲು ಮಾತ್ರ ಆಗುವುದಿಲ್ಲ.

ಎಂಟು ದಿನದ ಮಾತು

ರೋಜಿ ಲ್ಯಾಬ್ರಡಾರ್ ನಾಯಿ, ಹದವಾಗಿ ಬೆಂದ ಚಪಾತಿಯ ಬಣ್ಣ. ಬ್ಯಾಂಕಿನ ಸಾಹೇಬರೊಬ್ಬರು ವರ್ಗವಾಗಿ ಹೋಗುವಾಗ, "ಮನಿ ಸಿಕ್ಕ ಕೂಡ್ಲೆ ಬಂದು ಒಯ್ತೀನ್ರಿ, ಎಂಟು ದಿನ ಅಷ್ಟ" ಎಂದು ನನ್ನ ಹತ್ತಿರ ಬಿಟ್ಟು ಹೋದರು. ಆಮೇಲೆ ಫೋನ್ ಮಾಡಿ, ಹೊಸ ಮನೆಯಲ್ಲಿ ನಾಯಿಗೆ ಅನುಮತಿ ಇಲ್ಲ, ಛಲೋ ಮಂದಿ ನೋಡಿ ಕೊಟ್ಟುಬಿಡಿ ಎಂದು ಅತ್ತರು. ಅವರ ಅಳು ಸುಳ್ಳಾಗಿರಲಿಲ್ಲ.

"ಹೊಸ್ತಿಲ ದಾಟಿ ಒಳಗ ಬರಬಾರದು" ಎಂದು ಮೊದಲ ದಿನ ಕಟ್ಟುನಿಟ್ಟು ಮಾಡಿದ ನನ್ನ ಹೆಂಡತಿ, ವಾರ ಕಳೆಯುವುದರೊಳಗೆ ರೊಟ್ಟಿಗೆ ತುಪ್ಪ ಸವರಿ ಒಳಗೇ ಕರೆದು ತಿನ್ನಿಸುತ್ತಿದ್ದಳು. ನಮಗೆ ಮಕ್ಕಳಿಲ್ಲ. ಆಕೆ ಅದರ ಜೊತೆ ಮಾತಾಡಿದಷ್ಟು ನನ್ನ ಜೊತೆ ಮಾತಾಡಿದ್ದಿಲ್ಲ.

ಆದರೆ ನಮ್ಮದು ಬಾಡಿಗೆ ಮನೆ. ಮೇಲಿನ ಮನೆಯ ಮಾಲೀಕರ ಮೊಮ್ಮಗಳು ರೋಜಿಯನ್ನು ಕಂಡರೆ ಕಿರುಚುತ್ತಿದ್ದಳು. ಮಾಲೀಕರು ಒಳ್ಳೆಯವರೇ. ಕೈಮುಗಿದು ಹೇಳಿದರು: "ನಾಗರ ಪಂಚಮಿ ಒಳಗ ನಾಯಿಗೊಂದು ಮನಿ ನೋಡ್ರಿ, ಇಲ್ಲಾಂದ್ರ ನೀವೊಂದು ಮನಿ ನೋಡ್ರಿ."

ನಾವೇ ಬೇರೆ ಮನೆಗೆ ಹೋಗೋಣವೆಂದು ಊರೆಲ್ಲ ತಿರುಗಿದೆ. ನಾಯಿ ಇದೆ ಎಂದ ಕೂಡಲೇ ಬಾಗಿಲು ಹಾಕಿಕೊಳ್ಳುತ್ತಿದ್ದರು. ಬೆವರು ಒರೆಸಿಕೊಂಡು ಬಂದು ಹೆಂಡತಿಗೆ ಹೇಳಿದರೆ, "ರೋಜಿಗೆ ಮನಿ ಯಾವಾಗರ ಸಿಗತೈತಿ. ನಿಮ್ಮನ್ನ ಯಾರ್ ಇಟ್ಕೊಳ್ತಾರ?" ಎಂದಳು.

ಕುಷ್ಟಗಿಯ ಗಾದಿ

ಕುಷ್ಟಗಿಯ ಬಟ್ಟೆ ವ್ಯಾಪಾರಿ ಸೇಠರೊಬ್ಬರು ಅಂಗಡಿ ಕಾಯಲು ನಾಯಿ ಬೇಕೆಂದರು. ದೊಡ್ಡ ಮೈಕಟ್ಟು ನೋಡಿ ಮೆಚ್ಚಿ ಕರೆದುಕೊಂಡು ಹೋದರು. ಮರುದಿನವೇ ಫೋನು.

ಆದದ್ದಿಷ್ಟು. ಬ್ಯಾಂಕಿನ ಸಾಹೇಬರು ತಾವು ಮನೆಗೆ ಬಂದಾಗ ತಮ್ಮ ಚಪ್ಪಲಿ ತಂದುಕೊಡುವುದನ್ನು ರೋಜಿಗೆ ಕಲಿಸಿದ್ದರು. ಕುಷ್ಟಗಿಯ ಅಂಗಡಿಯೋ ಹಳೇ ಪದ್ಧತಿಯದು. ಒಳಗೆ ಬಿಳಿ ಗಾದಿ ಹಾಸಿರುತ್ತದೆ, ಗಿರಾಕಿಗಳು ಚಪ್ಪಲಿ ಹೊರಗೆ ಬಿಟ್ಟು ಬಂದು ಕೂಡುತ್ತಾರೆ. ಮದುವೆ ಜವಳಿ ಕೊಳ್ಳಲು ಒಂದು ದೊಡ್ಡ ಕುಟುಂಬವೇ ಬಂದಿತ್ತು. ರೋಜಿ ಅಷ್ಟೂ ಜನರ ಚಪ್ಪಲಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಬಂದು, ಲಕ್ಷ್ಮಿ ಪೂಜೆ ಮಾಡುವ ಗಾದಿಯ ಮೇಲೆ, ಸೇಠರ ತೊಡೆಗೆ ತಾಗುವಂತೆ ಜೋಡಿಸಿಟ್ಟು, ಶಾಬಾಸ್ ಎನ್ನಲಿ ಎಂದು ಬಾಲ ಅಲ್ಲಾಡಿಸುತ್ತ ನಿಂತಿದೆ.

ರೋಜಿಯನ್ನು ಮರಳಿ ತಂದು ಬಿಟ್ಟು ಅವರು ಹೇಳಿದ್ದು: "ಕಳ್ಳರನ್ನ ಹಿಡಿಯೋ ನಾಯಿ ಕೊಡ್ರಿ ಅಂದ್ರ, ಕಳ್ಳನ್ನ ಕೊಟ್ಟು ಕಳಿಸೀರಲ್ರಿ!"

ಗಂಗಾವತಿಯ ಗುರುಗಳು

ಸ್ವಲ್ಪ ಶಿಸ್ತು ಕಲಿತರೆ ಯಾರಾದರೂ ಒಯ್ದಾರು ಎಂದು, ಗಂಗಾವತಿಯಲ್ಲಿ ನಾಯಿಗಳನ್ನು ಪಳಗಿಸುವ, ಪೊಲೀಸ್ ಶ್ವಾನದಳದ ಒಬ್ಬ ನಿವೃತ್ತರ ಹತ್ತಿರ ಬಿಟ್ಟೆ. ನೌಕರಿಯಲ್ಲಿದ್ದಾಗ ಎಂಥೆಂಥ ಉಗ್ರ ನಾಯಿಗಳನ್ನೋ ಬೆರಳ ತುದಿಯಲ್ಲಿ ಆಡಿಸಿದವರು. ಅವರ ಮನೆಯಾಕೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ತೆಲುಗರು. ಕೆಲವು ದಿನ ಬಿಟ್ಟು ಹೋಗಿ ನೋಡಿದರೆ ರೋಜಿ ಅನ್ನ, ಪಪ್ಪು ಎನ್ನುವ ಅವರ ಬೇಳೆ, ತುಪ್ಪ ತಿಂದು ಗುಂಡಗಾಗಿತ್ತು. ನಮ್ಮ ಜೋಳದ ರೊಟ್ಟಿ ತೋರಿಸಿದರೆ ಮುಖ ತಿರುಗಿಸಿತು.

"ಏನೇನು ಕಲಿತು ಸರ್?" ಎಂದೆ.

"ಏನ್ ಹೇಳಲ್ರಿ. ಕುಂದ್ರು ಅಂತೀನಿ. ಅದು ಪಾಪದ ಮಾರಿ ಮಾಡಿ ನನ್ನ ನೋಡತೈತಿ. ಆ ಮಾರಿ ನೋಡಿ ನಾನ ಕುಂತುಬಿಡ್ತೀನ್ರಿ."

ನೀವೇ ಇಟ್ಟುಕೊಳ್ಳಿ ಎಂದು ಕೇಳಿದೆ. ಅವರು ಗೋಡೆಯ ಮೇಲಿನ ಒಂದು ನಾಯಿಯ ಫೋಟೋ ಕಡೆ ನೋಡಿ, "ಒಂದನ್ನ ಕಳಕೊಂಡೀನ್ರಿ. ಇನ್ನೊಂದು ಸಲ ಆಗಂಗಿಲ್ಲ" ಎಂದರು. ನಾನು ಮತ್ತೆ ಒತ್ತಾಯ ಮಾಡಲಿಲ್ಲ. ನಾವು ಹೊರಟಾಗ ರೋಜಿಗಿಂತ ಮೊದಲು ಅವರೇ ಆಟೋ ಹತ್ತಿ ಕೂತಿದ್ದರು, ಬಸ್‌ಸ್ಟ್ಯಾಂಡ್ ತನಕ ಬಿಟ್ಟು ಬರುತ್ತೇನೆಂದು.

ಯಲಬುರ್ಗಾದ ಬೀಗರು

ಪಂಚಮಿ ಹತ್ತಿರ ಬಂತು. ಯಲಬುರ್ಗಾ ಕಡೆಯ ರೈತ ದಂಪತಿ ಆಡಿಗೆ ಔಷಧ ಒಯ್ಯಲು ಅಂಗಡಿಗೆ ಬಂದಿದ್ದರು. ರೋಜಿ ಹೋಗಿ ಆ ಹೆಣ್ಣುಮಗಳ ಮಡಿಲಲ್ಲಿ ತಲೆ ಇಟ್ಟಿತು. "ಹೊಲದಾಗ ಮನಿ ಐತ್ರಿ ಅಣ್ಣಾರ, ಬಯಲು ಐತಿ. ನಮಗ ಕೊಡ್ರಿ, ಕೂಸಿನಂಗ ನೋಡ್ಕೊಳ್ತೀವಿ" ಎಂದಳು. ಇದಕ್ಕಿಂತ ಒಳ್ಳೆಯ ಮನೆ ಸಿಗುವುದಿಲ್ಲ ಎಂದು ನನಗೂ ತಿಳಿಯಿತು, ನನ್ನ ಹೆಂಡತಿಗೂ ತಿಳಿಯಿತು. ತಿಳಿದದ್ದಕ್ಕೇ ಸಂಕಟವಾಯಿತು.

ಮೂರು ಗಾಲಿಯ ಟಂಟಂ ಗಾಡಿ ಬಂದು ನಿಂತಾಗ ನನ್ನ ಹೆಂಡತಿ ಒಳಗಿಂದ ಹಸಿರು ಖಣ, ಅಕ್ಕಿ, ಕೊಬ್ಬರಿ ತಂದಳು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಉಡಿ ತುಂಬುತ್ತಾರಲ್ಲ, ಹಾಗೆ ಖಣದಲ್ಲಿ ಕಟ್ಟಿ ರೋಜಿಯ ಕೊರಳಿಗೆ ಹಾಕಿದಳು. ಓಣಿಯವರೆಲ್ಲ ನಗುತ್ತಿದ್ದರು, ಆಕೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ರೈತ ಮಾತ್ರ ನಗಲಿಲ್ಲ. ಟೊಪ್ಪಿಗೆ ತೆಗೆದು, "ಹೆಣ್ಣು ಕೊಟ್ಟಂಗಾತ್ರಿ. ಇನ್ನ ನಾವು ನೀವು ಬೀಗರು" ಎಂದ.

ಗಾಡಿ ತಿರುವಿನಲ್ಲಿ ಮರೆಯಾಗುವ ತನಕ ರೋಜಿ ಹಿಂದೆ ನೋಡುತ್ತಲೇ ಇತ್ತು. ಕೊಡಬಾರದಿತ್ತು ಎಂದು ಅವತ್ತೇ ಅನಿಸಿತು. ಬೇರೆ ದಾರಿ ಇರಲಿಲ್ಲ.

ವಾರ ಬಿಟ್ಟು ಫೋನ್ ಬಂತು. "ಬೀಗರ, ನಿಮ್ಮ ಹುಡುಗಿಗೆ ಸ್ವಲ್ಪ ಬುದ್ಧಿ ಹೇಳ್ರಿ. ನಮ್ಮವ್ವನ ಹಾಸಿಗಿ ಬಿಟ್ಟು ಏಳವಲ್ಲಳು. ನಮ್ಮವ್ವ ನೆಲದ ಮ್ಯಾಲೆ ಮಲಗ್ಯಾಳ."

ಮೊದಲ ಹೆರಿಗೆ

ಕೆಲವು ತಿಂಗಳಾದ ಮೇಲೆ ಬೀಗರು ಮತ್ತೆ ಫೋನ್ ಮಾಡಿದರು. ರೋಜವ್ವ ಹೊಲ ಕಾಯುವ ನಾಯಿಯ ಜೊತೆ ಸಂಸಾರ ಹೂಡಿದ್ದಾಳೆ, ದಿನ ತುಂಬಿವೆ. "ಮೊದಲನೇ ಬಾಣಂತನ ತವರುಮನ್ಯಾಗ ಆಗಬೇಕಲ್ರಿ? ಉಡಿ ತುಂಬಿ ಕಳಿಸೀರಿ. ನಾಳೆ ಕರಕೊಂಡು ಬರ್ತೀವಿ."

ನಾನು ತಡವರಿಸುತ್ತ ಮಾಲೀಕರ ಮನೆ ಮೆಟ್ಟಿಲು ಹತ್ತಿದೆ. ವಿಷಯ ಕೇಳಿ ಅವರು, "ನಾಯಿಗೆ ಒಲ್ಲೆ ಅನ್ನಬಹುದು. ಬಾಣಂತಿಗೆ ಒಲ್ಲೆ ಅನ್ನಾಕ ಬರತೈತೇನ್ರಿ? ಇರಲಿ" ಎಂದರು. ನನ್ನ ಹೆಂಡತಿ ಬಚ್ಚಲ ಪಕ್ಕದ ಕೋಣೆ ಸಾರಿಸಿದಳು, ಕೌದಿ ಹಾಸಿದಳು, ಬಾಣಂತಿಗೆಂದು ಅಂಟಿನುಂಡಿಯನ್ನೂ ಕಟ್ಟಿದಳು. ಎದುರಿನ ಡಾಕ್ಟರು, "ಅದರಾಗ ಒಣದ್ರಾಕ್ಷಿ ಹಾಕೀರಿ, ನಾಯಿಗೆ ಅದು ವಿಷರಿ. ತೋರಿಸಲೂ ಬ್ಯಾಡ್ರಿ" ಎಂದು ಬೈದರು. ಆಕೆಯ ಉತ್ಸಾಹವೇನೂ ತಗ್ಗಲಿಲ್ಲ. ನನಗೂ ಎದೆ ಹಗುರಾಗಿತ್ತು. ಒಂದೆರಡು ತಿಂಗಳಾದರೂ ರೋಜಿ ನಮ್ಮದು.

ಟಂಟಂ ಬಂತು. ರೋಜಿ ಇಳಿದಳು. ನನ್ನ ಹೆಂಡತಿಯ ಕೈ ನೆಕ್ಕಿದಳು, ನನ್ನ ಕಾಲು ಮೂಸಿದಳು, ಮನೆಯನ್ನೆಲ್ಲ ಒಂದು ಸುತ್ತು ಹಾಕಿದಳು. ಆಮೇಲೆ ಭಾರದ ಹೊಟ್ಟೆ ಎಳೆಯುತ್ತ ಹೊರಗೆ ಹೋಗಿ ಟಂಟಂಗೆ ಮುಂಗಾಲು ಊರಿ ನಿಂತು, ಹತ್ತಿಸು ಎನ್ನುವಂತೆ ಬೀಗರ ಕಡೆ ನೋಡಿದಳು. ಒಳಗೆ ಕರೆತಂದು ಬಾಗಿಲು ಹಾಕಿದರೆ ಓಣಿಗೆಲ್ಲ ಕೇಳುವಂತೆ ಅತ್ತಳು. ಮಾಲೀಕರೇ ಇಳಿದು ಬಂದು, "ಕಳಿಸಿಬಿಡ್ರಿ, ಬಸುರಿಯನ್ನ ಅಳಿಸಬಾರದು" ಎಂದರು.

ಬೀಗರಿಗೆ ನಾಚಿಕೆ. "ಏನ್ ಮಾಡೋದ್ರಿ, ಅತ್ತಿಮನಿ ಮ್ಯಾಲೆ ಭಾಳ ಜೀವ" ಎನ್ನುತ್ತ ಎತ್ತಿ ಕೂಡಿಸಿದರು. ಈ ಸಲ ರೋಜಿ ಹಿಂದೆ ತಿರುಗಿ ನೋಡಲಿಲ್ಲ.

ಹೆರಿಗೆ ಅಲ್ಲೇ ಸುಸೂತ್ರವಾಯಿತು. ಇಲ್ಲಿ ಡಬ್ಬಿ ತುಂಬ ಅಂಟಿನುಂಡಿ ಉಳಿಯಿತು. ನನ್ನ ಹೆಂಡತಿ ದಿನಾ ಬೆಳಿಗ್ಗೆ ಒಂದನ್ನು ತಂದು ನನ್ನ ಕೈಗಿಡುತ್ತಾಳೆ. "ನನಗ್ಯಾಕ?" ಎಂದು ಕೇಳಿದೆ.

"ತಿನ್ರಿ ಸುಮ್ನ. ಈ ಮನ್ಯಾಗ ಒಬ್ಬರದರ ಬಾಣಂತನ ಆಗ್ಲಿ."