ಒಳ್ಳೆಯ ಹುಡುಗನ ಸಾಕ್ಷಿಗಳು

ಕಲಬುರಗಿಯ ಆ ಕಾಲೇಜಿನಲ್ಲಿ ಸಂಜೆ ನಾಲ್ಕಕ್ಕೆ ಹೊಡೆಯಬೇಕಾದ ಕೊನೆಯ ಗಂಟೆ ಮಂಗಳವಾರ ಮಧ್ಯಾಹ್ನ ಹನ್ನೆರಡೂವರೆಗೇ ಹೊಡೆಯಿತು. ಐದು ನಿಮಿಷದಲ್ಲಿ ಕಾಲೇಜು ಖಾಲಿ. ವಿದ್ಯಾರ್ಥಿಗಳಿಗಿಂತ ಮೊದಲು ಗೇಟು ದಾಟಿದವರು ಇಬ್ಬರು ಉಪನ್ಯಾಸಕರು ಎಂಬುದರ ತನಿಖೆಗೆ ಯಾರೂ ಕೈಹಾಕಲಿಲ್ಲ.

ಇದು ಶಿವಶರಣನದೇ ಕೆಲಸ ಎಂದು ಪ್ರಾಂಶುಪಾಲ ದೇವೀಂದ್ರಪ್ಪನವರು ತೀರ್ಮಾನಿಸಿದರು. ಬಿ.ಎ. ಕೊನೆಯ ವರ್ಷದ ಈ ಹುಡುಗ ದಿನಾ ಕಮಲಾಪುರದಿಂದ ಬಂದು ಹೋಗುವವನು. ಊರ ಬಸ್ಸು ತಪ್ಪುತ್ತದೆ, ಅರ್ಧ ಗಂಟೆ ಮೊದಲೇ ಬಿಡಿ ಎಂದು ತಿಂಗಳ ಹಿಂದೆ ಅರ್ಜಿ ಕೊಟ್ಟಿದ್ದ. ಅಂಥ ಅರ್ಜಿ ಬರೆದವನು ಗಂಟೆ ಹೊಡೆಯದೆ ಬಿಟ್ಟಾನೆಯೇ? ಗುರುವಾರ ಬೆಳಿಗ್ಗೆ ನೋಟಿಸ್ ಬೋರ್ಡಿನಲ್ಲಿ ಅವನ ಹೆಸರು ಕೆಂಪು ಮಸಿಯಲ್ಲಿತ್ತು. ಅಮಾನತು, ಸೋಮವಾರ ಶುರುವಾಗುವ ಪರೀಕ್ಷೆಗೆ ಹಾಲ್ ಟಿಕೆಟ್ ಇಲ್ಲ.

ಪರೀಕ್ಷೆ ತಪ್ಪಿದರೆ ಒಂದು ವರ್ಷ ಹೋಯಿತು. ಅಸಲಿಗೆ ಮಂಗಳವಾರ ಶಿವಶರಣ ಕಾಲೇಜಿಗೆ ಬಂದೇ ಇರಲಿಲ್ಲ. ಕಮಲಾಪುರದಲ್ಲಿ ಅಕ್ಕನ ನಿಶ್ಚಿತಾರ್ಥಕ್ಕೆ ಶಿರಾ ಬಡಿಸುತ್ತಿದ್ದ. ಆದರೆ ಹಾಜರಿ ಪುಸ್ತಕದಲ್ಲಿ ಮಾತ್ರ ಇದ್ದ. ಗೆಳೆಯ ತಾರಿಖ್ ಅವನ ಹೆಸರಿಗೆ 'ಯಸ್ ಸರ್' ಅಂದಿದ್ದ. ಬಸ್ಸಿನ ಹುಡುಗರ ಪರವಾಗಿ ಕಲಬುರಗಿಯ ಹುಡುಗರು ದನಿ ಬದಲಿಸಿ ಕೂಗುವುದು ಆ ತರಗತಿಯಲ್ಲಿ ನಡೆದುಬಂದ ಪದ್ಧತಿ.

ತಪ್ಪಿತಸ್ಥ ಭಾವನೆಯಿಂದ ತಾರಿಖ್ ಮೋಮಿನಪುರದ ತನ್ನ ಮನೆಗೆ ಓಡಿ, ಕಾನೂನು ಓದುತ್ತಿದ್ದ ತನ್ನ ಅಕ್ಕ ಆಯೇಶಾಳನ್ನು ಸ್ಕೂಟಿಯಲ್ಲಿ ಕರೆತಂದ. ಆಕೆ ಶಿವಶರಣನನ್ನು ಕರೆದುಕೊಂಡು ನೇರವಾಗಿ ಪ್ರಾಂಶುಪಾಲರ ಕೋಣೆಗೆ ನಡೆದಳು.

"ಆರೋಪ ಏನದ ಅಂತ ಬರವಣಿಗ್ಯಾಗ ಕೊಟ್ಟೀರೇನ್ರಿ ಸರ್? ಇವನ ಮಾತು ಕೇಳೀರೇನ್ರಿ? ಕೇಳದೇ ಶಿಕ್ಷಾ ಕೊಟ್ರ ಅದು ನಿಲ್ಲಂಗಿಲ್ರಿ."

ದೇವೀಂದ್ರಪ್ಪನವರು ಕೆಟ್ಟವರಲ್ಲ. ಹದಿನೆಂಟು ವರ್ಷದಲ್ಲಿ ಯಾರೂ ಅವರಿಗೆ ಈ ಪ್ರಶ್ನೆ ಕೇಳಿರಲಿಲ್ಲ, ಅಷ್ಟೇ. ಕನ್ನಡಕ ಒರೆಸಿಕೊಂಡು ಯೋಚಿಸಿದರು. ಮಧ್ಯಾಹ್ನ ಮೂರಕ್ಕೆ ವಿಚಾರಣೆ, ಆಡಿದ ಮಾತೆಲ್ಲ ದಾಖಲೆ ಎಂದು ಒಪ್ಪಿದರು.

ಹೊರಗೆ ಬಂದ ಶಿವಶರಣ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಪರೀಕ್ಷೆಗೆ ಶೇಕಡಾ ಎಪ್ಪತ್ತೈದು ಹಾಜರಿ ಬೇಕು. ಮಂಗಳವಾರ ಒಂದು ದಿನ ಕಳೆದರೂ ಎಪ್ಪತ್ತಾರು ಉಳಿಯುತ್ತದೆ. ತಾರಿಖ್ ಕೂಗಿದ ಉಳಿದ ದಿನಗಳ ಸುದ್ದಿ ಯಾರು ಕೇಳುತ್ತಾರೆ? ಧೈರ್ಯ ಬಂದು ಮನೆಗೆ ಫೋನ್ ಮಾಡಿದ, ನಿಶ್ಚಿತಾರ್ಥದ ಒಂದೇ ಒಂದು ಫೋಟೊ ಕಳಿಸಿ ಎಂದ.

ಫೋನ್ ಎತ್ತಿದವಳು ಅವ್ವನ ಜೊತೆ ಚಹಾ ಕುಡಿಯುತ್ತಿದ್ದ ಪಕ್ಕದ ಮನೆಯ ಪುತಳಾಬಾಯಿ. ಅರ್ಧ ಗಂಟೆಯಲ್ಲಿ ವಿಷಯ ಓಣಿಗೆಲ್ಲ ಹಬ್ಬಿತು. ಫೋಟೊ ಯಾರು ನಂಬುತ್ತಾರೆ, ಮನುಷ್ಯರೇ ಹೋಗಬೇಕು ಎಂದು ಓಣಿ ತೀರ್ಮಾನಿಸಿತು. ಎರಡೂ ಮುಕ್ಕಾಲಿಗೆ ಅದೇ ಓಣಿಯ ಮಲ್ಲಣ್ಣನ ಟೆಂಪೋ ಕಾಲೇಜಿನ ಅಂಗಳದಲ್ಲಿ ನಿಂತಿತು. ಅದರಿಂದ ಹನ್ನೊಂದು ಮಂದಿ ಸಾಕ್ಷಿಗಳು ಇಳಿದರು. ಅವರ ಹಿಂದೆ ಒಂದು ಗೊನೆ ಕೆಂಪು ಬಾಳೆಹಣ್ಣೂ ಇಳಿಯಿತು.

ಆ ಓಣಿಯ ಪ್ರಕಾರ ಒಳ್ಳೆಯ ಹುಡುಗ ಎಂದರೆ ಕರೆದಾಗ ಕೆಲಸಕ್ಕೆ ಓಡಿ ಬರುವವನು. ಶಿವಶರಣನ ಒಳ್ಳೆಯತನವನ್ನು ಒಂದೇ ದಿನಕ್ಕೆ ನಿಲ್ಲಿಸಲು ಅವರಿಗೆ ಮನಸ್ಸು ಬರಲಿಲ್ಲ.

"ಮಂಗಳವಾರ ಒಂದೇ ಏನ್ರಿ ಸಾಹೇಬ್ರ?" ಎಂದಳು ಪುತಳಾಬಾಯಿ. "ಸೋಮವಾರ ಪೆಂಡಾಲ್ ಹಾಕ್ಯಾನ, ಬುಧವಾರ ಬೀಗರನ್ನ ಬಸ್ಸಿಗಿ ಹತ್ತಿಸ್ಯಾನ. ಹೋದ ತಿಂಗಳ ನನ್ನ ಹಲ್ಲಿನ ಸಲುವಾಗಿ ಮೂರು ದಿನ ದವಾಖಾನಿಗಿ ತಿರುಗ್ಯಾನ. ಇಂಥಾ ಹುಡುಗ ಸಿಗಂಗಿಲ್ರಿ."

ಮಲ್ಲಣ್ಣ ತನ್ನ ಬಾಳೆತೋಟದಲ್ಲಿ ಐದು ದಿನ ಗೊನೆ ಕಡಿದುಕೊಟ್ಟನೆಂದ. ಒಬ್ಬ ಅಜ್ಜ, ತನ್ನ ಪಿಂಚಣಿ ಕಾಗದಕ್ಕಾಗಿ ನಾಲ್ಕು ದಿನ ತಹಶೀಲ್ದಾರ ಕಚೇರಿಗೆ ಬಂದನೆಂದು ಕಣ್ಣೊರೆಸಿಕೊಂಡ. ಸಾಕು ಎಂದು ಶಿವಶರಣ ಕಣ್ಸನ್ನೆ ಮಾಡಿದ. ಸಂಕೋಚದ ಹುಡುಗ ಎಂದುಕೊಂಡು ಅವರು ಇನ್ನೆರಡು ದಿನ ಸೇರಿಸಿದರು. ಕಾಲೇಜಿನ ಗುಮಾಸ್ತರು ಒಂದಕ್ಷರ ಬಿಡದೆ ಬರೆದುಕೊಳ್ಳುತ್ತಿದ್ದರು.

ಕೊನೆಗೆ ಆಯೇಶಾ, ಗಂಟೆಯ ಉಸ್ತುವಾರಿಯಿರುವ ಜವಾನ ಗುಂಡಣ್ಣನನ್ನೂ ಕೇಳಿ ಎಂದಳು. ಅವನು ಬಾಗಿಲಲ್ಲೇ ನಿಂತು ಬಾಳೆಹಣ್ಣು ತಿನ್ನುತ್ತಿದ್ದ. ಅವತ್ತು ಗಂಟೆಯ ಹತ್ತಿರ ಯಾರನ್ನು ನೋಡಿದೆ ಎಂದು ದೇವೀಂದ್ರಪ್ಪನವರು ಕೇಳಿದರು.

"ಯಾರನ್ನ ನೋಡ್ಲಿ ಸರ್? ನಾನೇ ಹೊಡದೀನ್ರಿ. ಹಿಂದಿನ ದಿನ ಸಂಜಿಗಿ ಗ್ವಾಡಿ ಗಡಿಯಾರ ನಾಕಕ್ಕ ನಿಂತುಬಿಟ್ಟಿತ್ತು. ಮರುದಿನ ನಿದ್ದಿಗಣ್ಣಾಗ ನೋಡಿದೆ, ನಾಕಾಗಿತ್ತು. ಹೊಡದೆ. ನನಗ ಯಾರೂ ಕೇಳಲೇ ಇಲ್ರಿ."

ದೇವೀಂದ್ರಪ್ಪನವರು ತಾವೇ ಎದ್ದು ಹೋಗಿ ಕೆಂಪು ಮಸಿಯ ನೋಟಿಸು ಕಿತ್ತು ತಂದರು. ಎಲ್ಲರೆದುರು ತಪ್ಪಾಯಿತಪ್ಪಾ ಎಂದರು. ಮೂರು ವರ್ಷದಲ್ಲಿ ಮೊದಲ ಸಲ ಶಿವಶರಣನಿಗೆ, ಈ ಕಾಲೇಜಿನಲ್ಲಿ ತಾನೂ ಒಬ್ಬ ಮನುಷ್ಯ ಅನ್ನಿಸಿತು.

ಅಷ್ಟರಲ್ಲಿ ಗುಮಾಸ್ತರು ಕೆಮ್ಮಿ, ದಾಖಲೆಯನ್ನು ಹಾಜರಿ ಪುಸ್ತಕದ ಜೊತೆ ಮುಂದಿಟ್ಟರು. ಊರಲ್ಲಿದ್ದು ಇಲ್ಲಿ ಹಾಜರಾದ ದಿನ ಒಟ್ಟು ಹದಿನೇಳು. ಅವನ್ನು ಕಳೆದರೆ ಹಾಜರಿ ಶೇಕಡಾ ಐವತ್ತೆಂಟು. ಹಾಲ್ ಟಿಕೆಟ್ ಕೊಡುವಂತಿಲ್ಲ. ಗುಂಡಣ್ಣನನ್ನು ಮೊದಲೇ ಕೇಳಿದ್ದರೆ ಒಬ್ಬ ಸಾಕ್ಷಿಯೂ ಬೇಕಿರಲಿಲ್ಲ ಎಂಬುದು ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಆಯೇಶಾ ತಮ್ಮನನ್ನು ನೋಡಿದಳು. ತಾರಿಖ್ ಫ್ಯಾನು ನೋಡಿದ.

ಈ ಸಲ ಶಿವಶರಣನೇ ಎದ್ದು ನಿಂತ.

"ಸರ್, ಇದು ಬ್ಯಾರೆ ಆರೋಪ ಆಯ್ತ್ರಿ. ಇದನ್ನೂ ಬರವಣಿಗ್ಯಾಗ ಕೊಡ್ರಿ. ಉತ್ತರ ಹೇಳಾಕ ನನಗ ದಿನ ಕೊಡ್ರಿ. ಅಲ್ಲಿತನಾ ಹಾಲ್ ಟಿಕೆಟ್ ತಡೀಬ್ಯಾಡ್ರಿ."

ಬೆಳಿಗ್ಗೆಯಾಗಿದ್ದರೆ ದೇವೀಂದ್ರಪ್ಪನವರು ಗದರುತ್ತಿದ್ದರು. ಈಗ ಸಣ್ಣಗೆ ನಕ್ಕು, ನೋಟಿಸನ್ನು ಸ್ವಂತ ಕೈಯಿಂದ ಬರೆದರು. ಉತ್ತರಕ್ಕೆ ಏಳು ದಿನ, ವಿಚಾರಣೆ ಮುಂದಿನ ಗುರುವಾರ. ಹಾಲ್ ಟಿಕೆಟ್ಟಿಗೂ ಸಹಿ ಹಾಕಿದರು.

ಎರಡು ಕಾಗದ ಹಿಡಿದು ಶಿವಶರಣ ಮೆಟ್ಟಿಲಿಳಿದ. ಈ ಆರೋಪ ನಿಜ, ತನ್ನ ಹತ್ತಿರ ಉತ್ತರವಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಕೇಳದೆ ಶಿಕ್ಷಿಸುವ ಕಾಲ ಹೋಯಿತಲ್ಲ ಎಂಬ ಸಂತೋಷವಿತ್ತು. ಮುಂದಿನ ಗುರುವಾರದೊಳಗೆ ಹೇಗೋ ಒಂದು ದಾರಿ ಕಂಡೀತು, ಊರಿನಿಂದ ಬಂದು ಬಾಯಿಬಿಡುವವರಂತೂ ಯಾರೂ ಇರುವುದಿಲ್ಲ ಎಂದುಕೊಂಡ.

ಟೆಂಪೋ ಹತ್ತುತ್ತಿದ್ದ ಪುತಳಾಬಾಯಿ ಅವನ ತಲೆ ಸವರಿದಳು.

"ನೀ ಪರೀಕ್ಷಾ ಬರಿ, ಚಿಂತಿ ಬಿಡು. ಇವತ್ತು ಅವಸರದಾಗ ಹನ್ನೊಂದೇ ಮಂದಿ ಬಂದೀವಿ. ಮುಂದಿನ ಗುರುವಾರ ಎರಡು ಟೆಂಪೋ ಮಾಡ್ಕೊಂಡು ಬರ್ತೀವಿ."